ಕಾರಿನ ಸ್ಟೀರಿಯೋ ಯಾಕೆ "ಕುಂಯ್" ಅನ್ನುತ್ತೆ? ಹೆಚ್ಚು ಕಡಿಮೆ ನೂರು ವರ್ಷದ ಒಂದು ಜಗಳ

ಭಾಗ 1/7: ಅಪ್ಪನ ವ್ಯಾನು

ಈ ಸಲದ ಇತಿಹಾಸ ಸರಣಿಯಲ್ಲಿ ರಾಜರೂ ಇಲ್ಲ, ಯುದ್ಧವೂ ಇಲ್ಲ. ಬರೀ ಒಂದು ಸದ್ದು.

ನಮ್ಮಪ್ಪ ದಾವಣಗೆರೆಯಲ್ಲಿ ಸ್ಕೂಲ್ ವ್ಯಾನ್ ಓಡಿಸ್ತಾರೆ. ಹೋದ ವರ್ಷ ದಸರಾ ಹೊತ್ತಿಗೆ ಆಸೆಪಟ್ಟು ಹಳೇ ಸ್ಟೀರಿಯೋಗೆ ಒಂದು ಆಂಪ್ಲಿಫೈಯರು, ಎರಡು ಸ್ಪೀಕರ್ ಹಾಕಿಸಿದ್ರು. ಎರಡೇ ವಾರ. ಆಮೇಲೆ ಹಾಡಿನ ಹಿಂದೆ "ಕುಂಯ್ಯ್" ಅಂತ ಒಂದು ಸದ್ದು ಶುರುವಾಯ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದು ಮೇಲೇರುತ್ತೆ, ಬಿಟ್ರೆ ಇಳಿಯುತ್ತೆ. ಹಾಕಿಕೊಟ್ಟ ಅಂಗಡಿಯವರು "ಸ್ಟೀರಿಯೋನೇ ಹೋಗಿದೆ, ಹೊಸದು ಹಾಕ್ಸಿ, 7,500 ಆಗುತ್ತೆ" ಅಂದ್ರು. ಅಪ್ಪನ ಹತ್ತಿರ ಅಷ್ಟು ದುಡ್ಡು ಇತ್ತು. ಆದ್ರೆ ಅದು ನನ್ನ ಸೆಮಿಸ್ಟರ್ ಫೀಸಿಗೆ ಅಂತ ಎತ್ತಿಟ್ಟಿದ್ದು.

ಅವತ್ತು ರಾತ್ರಿ ಓದೋಕೆ ಕೂತವಳು ಸೀದಾ 1930ಕ್ಕೆ ಹೋಗಿ ಬಿದ್ದೆ. ಮುಂದಿನ ಪೋಸ್ಟ್ ನೋಡಿ.

ಭಾಗ 2/7: ಪ್ರತಿ ಎಂಜಿನ್ನೂ ಒಂದು ರೇಡಿಯೋ ಸ್ಟೇಷನ್

ರೇಡಿಯೋ ಹುಟ್ಟಿದ್ದೇ ಕಿಡಿಯಿಂದ. 1887ರ ಸುಮಾರಿಗೆ ಜರ್ಮನಿಯ ಹೈನ್ರಿಕ್ ಹರ್ಟ್ಸ್ ಒಂದು ಕಡೆ ವಿದ್ಯುತ್ ಕಿಡಿ ಹಾರಿಸಿ, ಅದರ ಅಲೆಯನ್ನ ದೂರದಲ್ಲಿ ಹಿಡಿದು ತೋರಿಸಿದ. 1895ರಲ್ಲಿ ಕಲ್ಕತ್ತದಲ್ಲಿ ಜಗದೀಶ ಚಂದ್ರ ಬೋಸರು ಅಂಥದೇ ಅಲೆ ಕಳಿಸಿ ದೂರದ ಗಂಟೆ ಬಾರಿಸಿದ್ರು. 1912ರಲ್ಲಿ ಟೈಟಾನಿಕ್ ಹಡಗು ಸಹಾಯ ಕೇಳಿದ್ದೂ ಕಿಡಿ ಹಾರಿಸುವ ಯಂತ್ರದಿಂದಲೇ.

ಈಗ ಪೆಟ್ರೋಲ್ ಎಂಜಿನ್ ನೋಡಿ. ಅದರ ಸ್ಪಾರ್ಕ್ ಪ್ಲಗ್ ಮಾಡೋದೂ ಅದೇ ಕೆಲಸ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದ್ರೆ ಸೆಕೆಂಡಿಗೆ 100 ಕಿಡಿ. ಅಂದ್ರೆ ಬಾನೆಟ್ ಒಳಗೆ ಲೈಸೆನ್ಸೇ ಇಲ್ಲದ ಒಂದು ರೇಡಿಯೋ ಸ್ಟೇಷನ್! ಅದರಿಂದ ನಾಲ್ಕಡಿ ದೂರದಲ್ಲಿ ನೂರಾರು ಕಿಲೋಮೀಟರ್ ಆಚೆಯ ಹಾಡು ಕೇಳ್ಬೇಕು. ಸಂತೆಯಲ್ಲಿ ತಮಟೆ ಪಕ್ಕ ನಿಂತು ಗುಟ್ಟು ಕೇಳಿಸ್ಕೊಂಡ ಹಾಗೆ.

ಭಾಗ 3/7: ಸ್ಟಾಲ್‌ಗೆ ದುಡ್ಡಿಲ್ಲದ ಮನುಷ್ಯ

ಬಿಕಾಂ ಫ್ರೆಂಡ್ಸ್, ಈ ಭಾಗ ನಿಮಗೆ. 1928ರಲ್ಲಿ ಶಿಕಾಗೋದಲ್ಲಿ ಪಾಲ್ ಗ್ಯಾಲ್ವಿನ್ ಮತ್ತು ಅವನ ತಮ್ಮ ಜೋಸೆಫ್ ಒಂದು ಕಂಪನಿ ಶುರು ಮಾಡ್ತಾರೆ. ದಿವಾಳಿಯಾದ ಇನ್ನೊಂದು ಕಂಪನಿಯ ಬಿಸಿನೆಸ್ಸನ್ನ ಹರಾಜಿನಲ್ಲಿ 750 ಡಾಲರಿಗೆ ಕೊಂಡು. ಬ್ಯಾಟರಿ ರೇಡಿಯೋವನ್ನ ಮನೆ ಕರೆಂಟಲ್ಲಿ ಓಡಿಸೋ ಸಾಧನ ಅವರ ಮಾಲು. ಆದ್ರೆ ನೇರ ಕರೆಂಟಿಗೇ ಹಾಕೋ ರೇಡಿಯೋ ಬಂದ್ಮೇಲೆ ಅದನ್ನ ಕೊಳ್ಳೋರು ಕಡಿಮೆಯಾದ್ರು. ಮೇಲಿಂದ 1929ರ ಷೇರುಪೇಟೆ ಕುಸಿತ.

ಗ್ಯಾಲ್ವಿನ್ ಕಾರ್ ರೇಡಿಯೋ ಕಡೆ ತಿರುಗಿದ. ವಿಲಿಯಂ ಲಿಯರ್, ಎಲ್ಮರ್ ವೇವರಿಂಗ್ ಅನ್ನೋ ಹುಡುಗರು ಜೊತೆಯಾದ್ರು. ಸಾಲ ಕೇಳೋಕೆ ಹೋಗಿ ಬ್ಯಾಂಕಿನವರ ಕಾರಿಗೇ ರೇಡಿಯೋ ಹಾಕಿಕೊಟ್ರೆ, ಅರ್ಧ ಗಂಟೆಯಲ್ಲಿ ಆ ಕಾರಿಗೆ ಬೆಂಕಿ ಹತ್ತಿತಂತೆ! ಸಾಲ ಸಿಗಲಿಲ್ಲ ಅಂತ ಕಥೆ ಹೇಳ್ತಾರೆ.

1930ರ ಜೂನ್, ಅಟ್ಲಾಂಟಿಕ್ ಸಿಟಿಯಲ್ಲಿ ರೇಡಿಯೋ ತಯಾರಕರ ಸಮಾವೇಶ. ಸ್ಟಾಲ್ ಬಾಡಿಗೆಗೆ ದುಡ್ಡಿಲ್ಲ. ಗ್ಯಾಲ್ವಿನ್ ತನ್ನ ಸ್ಟುಡಿಬೇಕರ್ ಕಾರನ್ನ ಹೊರಗೇ ನಿಲ್ಲಿಸಿ, ರೇಡಿಯೋ ಜೋರಾಗಿ ಹಾಕಿ, ಹೋಗಿಬರೋರಿಗೆ ಕೇಳಿಸಿದ. ಆರ್ಡರ್ ಬಂತು. ಆ ಮಾಡೆಲ್ ಹೆಸರು 5ಟಿ71, ಬೆಲೆ 110ರಿಂದ 130 ಡಾಲರ್. ಬ್ರಾಂಡಿಗೆ ಇಟ್ಟ ಹೆಸರು ಮೋಟೊರೋಲಾ. ಹೌದು, ಅದೇ ಮೋಟೊರೋಲಾ. 1947ರಲ್ಲಿ ಕಂಪನಿಗೂ ಅದೇ ಹೆಸರಾಯ್ತು.

ಭಾಗ 4/7: ಸದ್ದನ್ನ ಕಟ್ಟಿಹಾಕಿದ್ದು ಹೇಗೆ?

ಗ್ಯಾಲ್ವಿನ್ ಒಬ್ಬನೇ ಮೊದಲಿಗ ಅಲ್ಲ, ಬೇರೆಯವರೂ ಕಾರಿಗೆ ರೇಡಿಯೋ ಹಾಕ್ತಿದ್ರು. ಎಲ್ರಿಗೂ ಶತ್ರು ಮಾತ್ರ ಒಂದೇ: ಟಿಕ್ ಟಿಕ್ ಟಿಕ್. ಅವರು ಒಂದೊಂದೇ ಮೂಲ ಹುಡುಕಿದ್ರು.

ಕಿಡಿ: ಪ್ಲಗ್‌ನ ವೈರಿಗೆ ರೆಸಿಸ್ಟರ್ ಹಾಕಿದ್ರು. ಎಂಜಿನ್ನಿಗೆ ಬೇಕಾದ ಕಿಡಿ ಬರುತ್ತೆ, ರೇಡಿಯೋ ಅಲೆ ಮಾತ್ರ ತಗ್ಗುತ್ತೆ.
ಡೈನಮೋ: ಅದರ ಬ್ರಷ್ ಉಜ್ಜುವಾಗ ಬರೋ ಗೊರಗೊರಕ್ಕೆ ಕಂಡೆನ್ಸರ್ ಕೂರಿಸಿದ್ರು.
ರೇಡಿಯೋ: ತಗಡಿನ ಡಬ್ಬಿಯೊಳಗೆ ಮುಚ್ಚಿ, ಆ ಡಬ್ಬಿಯನ್ನ ಕಾರಿನ ಬಾಡಿಗೆ ಗಟ್ಟಿಯಾಗಿ ಸೇರಿಸಿದ್ರು.

ಈ ಇತಿಹಾಸ ನಿಮ್ಮ ಬೈಕಲ್ಲೂ ಇದೆ. ಸ್ಪಾರ್ಕ್ ಪ್ಲಗ್ ಮೇಲಿನ ನಂಬರಲ್ಲಿ ಎಷ್ಟೋ ಸಲ "ಆರ್" ಅನ್ನೋ ಇಂಗ್ಲಿಷ್ ಅಕ್ಷರ ಇರುತ್ತೆ. ಅದು ಒಳಗಿರೋ ರೆಸಿಸ್ಟರ್‌ನ ಗುರುತು.

ಇನ್ನೊಂದು ದಾರಿ ಹಿಡಿದವನು ಎಡ್ವಿನ್ ಆರ್ಮ್‌ಸ್ಟ್ರಾಂಗ್. ಎಎಂನಲ್ಲಿ ಹಾಡು ಅಲೆಯ ಎತ್ತರದಲ್ಲಿ ಅಡಗಿರುತ್ತೆ, ಕಿಡಿಯ ಸದ್ದು ಕೆಡಿಸೋದೂ ಎತ್ತರವನ್ನೇ. ಹಾಗಾದ್ರೆ ಹಾಡನ್ನ ಅಲೆಯ ಆವರ್ತನದ ಏರಿಳಿತದಲ್ಲಿ ಇಟ್ರೆ? ಅದೇ ಎಫ್‌ಎಂ. 1933ರಲ್ಲಿ ಪೇಟೆಂಟ್ ಸಿಕ್ತು. ದೊಡ್ಡ ಕಂಪನಿಗಳ ಜೊತೆ ವರ್ಷಗಟ್ಟಲೆ ಕೇಸು ನಡೆಸಿ ಸೋತು ಸುಣ್ಣವಾಗಿ 1954ರಲ್ಲಿ ಪ್ರಾಣ ಕಳ್ಕೊಂಡ. ಇವತ್ತು ಟ್ರಾಫಿಕ್ಕಲ್ಲಿ ನಾವು ಸ್ವಚ್ಛವಾಗಿ ಎಫ್‌ಎಂ ಕೇಳೋದು ಅವನ ಋಣ.

ಭಾಗ 5/7: ಟಿಕ್ ಟಿಕ್ ಹೋಗಿ ಕುಂಯ್ ಬಂತು

1960ರ ದಶಕದಲ್ಲಿ ಡೈನಮೋ ಜಾಗಕ್ಕೆ ಆಲ್ಟರ್ನೇಟರ್ ಬಂತು. ತಮಾಷೆ ಏನಂದ್ರೆ, ಕಿಡಿಯ ಸದ್ದಿನ ವಿರುದ್ಧ ದುಡಿದ ವೇವರಿಂಗ್ ಅವರೇ ಮುಂದೆ ಮೋಟೊರೋಲಾದಲ್ಲಿ ಆಲ್ಟರ್ನೇಟರ್ ಕೆಲಸದಲ್ಲೂ ಇದ್ರು.

ಆಲ್ಟರ್ನೇಟರ್ ಹುಟ್ಟಿಸೋದು ಎಸಿ. ಡಯೋಡುಗಳು ಅದನ್ನ ಡಿಸಿ ಮಾಡುತ್ವೆ, ಆದ್ರೆ ಪೂರ್ತಿ ನಯವಾಗಿ ಅಲ್ಲ. ಸಣ್ಣ ಸಣ್ಣ ಅಲೆ ಉಳಿಯುತ್ತೆ. 12 ಪೋಲ್‌ನ, ಮೂರು ಫೇಸ್‌ನ ಆಲ್ಟರ್ನೇಟರ್ ಒಂದು ಸುತ್ತಿಗೆ ಇಂಥ 36 ಅಲೆ ಬಿಡುತ್ತೆ. ಅದು ನಿಮಿಷಕ್ಕೆ 3,000 ಸುತ್ತು ತಿರುಗಿದ್ರೆ ಸೆಕೆಂಡಿಗೆ 1,800 ಅಲೆ. ಕಿವಿಗೆ ಅದು ಸಣ್ಣ ಸೀಟಿ. ಎಂಜಿನ್ ವೇಗ ಹೆಚ್ಚಿದಂತೆ ಸೀಟಿಯ ಶ್ರುತಿಯೂ ಏರುತ್ತೆ. ನಮ್ಮ ವ್ಯಾನಿನ "ಕುಂಯ್" ಇದೇ!

ಆದ್ರೆ ಆಲ್ಟರ್ನೇಟರ್ ಎಲ್ಲ ಗಾಡಿಯಲ್ಲೂ ಇದೆ, ಎಲ್ಲದ್ರಲ್ಲೂ ಸದ್ದು ಇಲ್ವಲ್ಲ? ಸ್ಟೀರಿಯೋ ಒಂದೇ ಡಬ್ಬಿಯಲ್ಲಿದ್ದಾಗ ಅದಕ್ಕೆ ಅರ್ಥ್ ಕೂಡ ಒಂದೇ. ಆಂಪ್ಲಿಫೈಯರ್ ಬೇರೆ ಆಗಿ ಸೀಟಿನ ಕೆಳಗೆ ಹೋದಾಗ ಅರ್ಥ್ ಎರಡಾಯ್ತು: ಸ್ಟೀರಿಯೋದು ಡ್ಯಾಶ್‌ಬೋರ್ಡ್ ಹತ್ತಿರ, ಆಂಪ್ಲಿಫೈಯರಿಂದು ಹಿಂದೆ. ಎರಡರ ನಡುವೆ ಚೂರು ವೋಲ್ಟೇಜ್ ವ್ಯತ್ಯಾಸ ಬಂದ್ರೂ ಆ ಅಲೆ ಹಾಡು ಒಯ್ಯೋ ಕೇಬಲ್ ಮೂಲಕವೇ ಹರಿಯುತ್ತೆ. ಇದಕ್ಕೆ ಗ್ರೌಂಡ್ ಲೂಪ್ ಅಂತಾರೆ.

ಭಾಗ 6/7: ದುಡ್ಡು ಕೊಡೋ ಮೊದಲು (ಸೇವ್ ಮಾಡ್ಕೊಳ್ಳಿ)

1. ಎಂಜಿನ್ ಆಫ್, ಸ್ಟೀರಿಯೋ ಆನ್. ಈಗಲೂ ಸದ್ದು ಇದ್ರೆ ಎಂಜಿನ್ನಿನ ತಪ್ಪಲ್ಲ.
2. ಎಂಜಿನ್ ಆನ್. "ಟಿಕ್ ಟಿಕ್" ಬಂದ್ರೆ ಕಿಡಿಯ ಕಡೆ ನೋಡಿ: ಪ್ಲಗ್, ಪ್ಲಗ್ ವೈರ್. "ಕುಂಯ್" ಬಂದ್ರೆ ಆಲ್ಟರ್ನೇಟರ್, ಅರ್ಥ್.
3. ವಾಲ್ಯೂಮ್ ಪೂರ್ತಿ ಇಳಿಸಿ. ಸದ್ದು ಅಷ್ಟೇ ಇದ್ರೆ ಅದು ವಾಲ್ಯೂಮ್ ದಾಟಿದ ಮೇಲೆ ಸೇರ್ತಿದೆ: ಕೇಬಲ್, ಆಂಪ್ಲಿಫೈಯರ್, ಅದರ ಅರ್ಥ್.
4. ಎಲ್ಲ ಆಫ್ ಮಾಡಿ ಆಂಪ್ಲಿಫೈಯರಿಂದ ಆಡಿಯೋ ಕೇಬಲ್ ಕಿತ್ತು ಮತ್ತೆ ಆನ್ ಮಾಡಿ. ಸದ್ದು ನಿಂತ್ರೆ ಅದು ಕೇಬಲ್ ದಾರಿಯಲ್ಲಿ ಬರ್ತಿದೆ.
5. ಫೋನ್ ಚಾರ್ಜರ್ ಕಿತ್ತು ನೋಡಿ. ಎಷ್ಟೋ ಸಲ ಕಳ್ಳ ಅವನೇ.
6. ವೈರ್ ಮುಟ್ಟೋ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ.

ಭಾಗ 7/7: ಒಂದು ಬೋಲ್ಟು

ಭಾನುವಾರ ನಾನೂ ಅಪ್ಪನೂ ವ್ಯಾನ್ ಕೆಳಗೆ ಕೂತ್ವಿ. ವಾಲ್ಯೂಮ್ ಇಳಿಸಿದ್ರೂ ಸದ್ದು ಅಷ್ಟೇ. ಕೇಬಲ್ ಕಿತ್ರೆ ನಿಲ್ತು. ಬ್ಯಾಟರಿ ಬಿಚ್ಚಿ ಆಂಪ್ಲಿಫೈಯರಿನ ಅರ್ಥ್ ವೈರ್ ಹಿಂದೆ ಹೋದ್ರೆ, ಪೇಂಟ್ ಮೇಲೇ ಸ್ಕ್ರೂ ಹೊಡೆದಿದ್ರು! ಅದೂ ಸಡಿಲ. ಪೇಂಟಿನಲ್ಲಿ ಕರೆಂಟ್ ಹರಿಯಲ್ಲ ಅಲ್ವಾ. ಸ್ಯಾಂಡ್‌ಪೇಪರಲ್ಲಿ ಉಜ್ಜಿ ಬರೀ ಕಬ್ಬಿಣ ಕಾಣೋ ಹಾಗೆ ಮಾಡಿ, ಬೋಲ್ಟು ಬಿಗಿದ್ವಿ. ಸ್ಯಾಂಡ್‌ಪೇಪರ್, ಬೋಲ್ಟು, ವಾಷರ್ ಸೇರಿ ಖರ್ಚು 35 ರೂಪಾಯಿ.

ಅಪ್ಪ ಎಂಜಿನ್ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಒತ್ತಿ, ಕಿವಿ ಸ್ಪೀಕರಿಗೆ ಹಚ್ಚಿದ್ರು. ಆಮೇಲೆ ಕೇಳಿದ್ದು ಒಂದೇ ಮಾತು: "ಇದನ್ನೂ ಬಿಕಾಂನಾಗ ಕಲಸ್ತಾರೇನವ್ವಾ?"

ಕಲಿಸಲ್ಲಪ್ಪಾ. ಆದ್ರೆ ಮೂಲ ಹುಡುಕದೆ ದುಡ್ಡು ಸುರೀಬಾರ್ದು ಅನ್ನೋದನ್ನ ಸ್ಟಾಲಿಗೂ ಕಾಸಿಲ್ಲದ ಆ ಗ್ಯಾಲ್ವಿನ್ ಹುಡುಗರು ಕಲಿಸಿದ್ರು.

ಜಗಳ ಇನ್ನೂ ಮುಗಿದಿಲ್ಲ ನೋಡಿ. ಎಲೆಕ್ಟ್ರಿಕ್ ಕಾರಲ್ಲಿ ಕಿಡಿ ಇಲ್ಲ, ಆದ್ರೆ ಮೋಟಾರ್ ನಡೆಸೋ ಇನ್ವರ್ಟರ್ ಎಎಂ ರೇಡಿಯೋ ಕೆಡಿಸುತ್ತೆ. ಅದಕ್ಕೇ ಕೆಲವು ಕಂಪನಿಗಳು ಎಎಂ ಅನ್ನೇ ತೆಗೆದ್ವು. ಫೋರ್ಡ್ ಕೂಡ ತೆಗೀತೀವಿ ಅಂದು, ವಿರೋಧ ಬಂದ್ಮೇಲೆ 2023ರಲ್ಲಿ ಮಾತು ಬದಲಿಸ್ತು. 1935ರಲ್ಲಿ ಮೈಸೂರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಶುರು ಮಾಡಿದ ಸ್ಟೇಷನ್ನಿನಿಂದ "ಆಕಾಶವಾಣಿ" ಅನ್ನೋ ಹೆಸರು ಪಡೆದ ದೇಶದಲ್ಲಿ, ಈ ಸುದ್ದಿ ನಮಗೂ ಸೇರಿದ್ದೇ.

ನಿಮ್ಮ ಗಾಡಿ ಯಾವ ಸದ್ದು ಮಾಡುತ್ತೆ, ಟಿಕ್ಕಾ, ಕುಂಯ್ಯಾ? ಕಾಮೆಂಟಲ್ಲಿ ಹೇಳಿ. ಅಂಗಡಿಗೆ ಹೊರಟಿರೋ ಫ್ರೆಂಡಿಗೆ ಈಗಲೇ ಕಳ್ಸಿ.

#ಸದ್ದಿನಇತಿಹಾಸ #ಕಾರ್‌ಆಡಿಯೋ #ಕನ್ನಡದಲ್ಲಿಇತಿಹಾಸ