ಸಭೆಗೊಂದು ಶಿಸ್ತು

ಎಲ್ಲರೂ ಒಟ್ಟಿಗೆ ಮಾತನಾಡಿ, ಕೊನೆಗೆ ಯಾವ ತೀರ್ಮಾನವೂ ಆಗದೆ ಮುಗಿದ ಸಭೆಗಳನ್ನು ನೀವು ಕಂಡಿರಬಹುದು. ಈ ರೋಗಕ್ಕೆ ಮದ್ದು ಹುಡುಕಿದವರಲ್ಲಿ ಹೆಸರಾದವರು ರಾಜಕಾರಣಿಯಲ್ಲ, ಸೈನ್ಯದ ಒಬ್ಬ ಇಂಜಿನಿಯರ್ ಎಂದರೆ ನಿಮಗೆ ಆಶ್ಚರ್ಯವಾದೀತು.

ಅವರು ಅಮೆರಿಕದ ಹೆನ್ರಿ ಮಾರ್ಟಿನ್ ರಾಬರ್ಟ್ (1837–1923). 1863ರಲ್ಲಿ, ಅಂತರ್ಯುದ್ಧದ ನಡುವೆ, ನ್ಯೂ ಬೆಡ್‌ಫರ್ಡ್ ಪಟ್ಟಣದ ಚರ್ಚೊಂದರಲ್ಲಿ ನಡೆದ ಸಭೆಗೆ ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಲಾಯಿತು. ಸಭೆ ನಡೆಸುವ ಕ್ರಮ ಅವರಿಗೆ ತಿಳಿಯದು. ಸಭೆ ಗದ್ದಲದಲ್ಲಿ ಮುಳುಗಿತು. 1867ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ವರ್ಗವಾದಾಗ ಗದ್ದಲದ ಮೂಲ ಅವರಿಗೆ ಸ್ಪಷ್ಟವಾಯಿತು. ಹಲವು ರಾಜ್ಯಗಳಿಂದ ಬಂದು ನೆಲೆಸಿದ್ದ ಜನ ತಂತಮ್ಮ ಊರಿನ ಪದ್ಧತಿಯೇ ಸರಿಯೆಂದು ನಂಬಿದ್ದರು. ವಿಷಯದ ಮೇಲಿರಬೇಕಾದ ಚರ್ಚೆ ಸಭೆ ನಡೆಸುವ ಬಗೆಯ ಮೇಲಿನ ಜಗಳವಾಗುತ್ತಿತ್ತು.

ಶಾಸನಸಭೆಗಳ ಪದ್ಧತಿಗಳನ್ನು ಅಭ್ಯಸಿಸಿ ರಾಬರ್ಟ್ 1876ರಲ್ಲಿ ಒಂದು ಕೈಪಿಡಿಯನ್ನು ಹೊರತಂದರು. ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿದ 4,000 ಪ್ರತಿಗಳು ಕೆಲವೇ ತಿಂಗಳಲ್ಲಿ ಖರ್ಚಾದವು. 2020ರಲ್ಲಿ ಅದರ 12ನೆಯ ಆವೃತ್ತಿ ಬಂದಿತು.

ಅದರ ತಿರುಳೇನು? ಒಂದು ವೇಳೆಗೆ ಒಂದೇ ವಿಷಯ. ಒಬ್ಬರು ಠರಾವನ್ನು ಮಂಡಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ಚರ್ಚೆ ಆ ಬಳಿಕ. ಮಾತನಾಡಬಯಸುವ ಎಲ್ಲರಿಗೂ ಒಮ್ಮೆ ಅವಕಾಶ ಸಿಗುವವರೆಗೆ ಯಾರಿಗೂ ಎರಡನೆಯ ಸರದಿ ಇಲ್ಲ. ಸಾಮಾನ್ಯ ಠರಾವಿಗೆ ಬಹುಮತ ಸಾಕು. ಆದರೆ ಚರ್ಚೆಯನ್ನು ಬಲವಂತವಾಗಿ ನಿಲ್ಲಿಸಲು ಮೂರನೆಯ ಎರಡರಷ್ಟು ಮತ ಬೇಕು. ಏಕೆ? ತೀರ್ಮಾನಿಸುವ ಹಕ್ಕು ಹೆಚ್ಚು ಜನರದಾದರೂ, ಮಾತನಾಡುವ ಹಕ್ಕು ಕಡಿಮೆ ಜನರಿಗೂ ಉಳಿಯಬೇಕು.

ಅಮೆರಿಕದ ಎಷ್ಟೋ ಮನೆಮಾಲೀಕರ ಸಂಘಗಳು ಇಂದು ಈ ಕೈಪಿಡಿಯನ್ನು ಅನುಸರಿಸುತ್ತವೆ. ಹತ್ತು ಹನ್ನೆರಡು ಮಂದಿಯ ಆಡಳಿತ ಮಂಡಲಿಗೆ ಅದು ಸಡಿಲಿಕೆಯನ್ನೂ ಕೊಡುತ್ತದೆ: ಅಲ್ಲಿ ಅನುಮೋದನೆ ಬೇಕಿಲ್ಲ, ಅಧ್ಯಕ್ಷರೂ ಚರ್ಚೆಗಿಳಿದು ಮತ ಹಾಕಬಹುದು. ನಡವಳಿ ಪುಸ್ತಕದಲ್ಲಿ ಯಾರು ಏನೆಂದರು ಎಂಬುದಲ್ಲ, ಸಭೆ ಏನು ಮಾಡಿತು ಎಂಬುದನ್ನು ಬರೆಯಬೇಕು.

ನಮ್ಮಲ್ಲಿಯೂ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯು, ಸಭೆ ಕರೆಯುವ ವಿಧಾನ ಮತ್ತು ಕೋರಂ ಬಗ್ಗೆ ಸಂಘದ ಉಪವಿಧಿಗಳಲ್ಲಿ ಹೇಳಿರಬೇಕೆಂದು ವಿಧಿಸುತ್ತದೆ. ಲಿಫ್ಟ್ ರಿಪೇರಿಗೆ ಯಾರು ಎಷ್ಟು ಹಣ ಕೊಡಬೇಕು, ಬೇಸಿಗೆಯಲ್ಲಿ ಟ್ಯಾಂಕರ್ ನೀರನ್ನು ಹೇಗೆ ಹಂಚಬೇಕು ಎಂಬ ಪ್ರಶ್ನೆಗಳು ಇಂಥ ಸಭೆಗಳಲ್ಲಿಯೇ ಇತ್ಯರ್ಥವಾಗಬೇಕು. ನಿಯಮವಿಲ್ಲದಿದ್ದರೆ ಅಲ್ಲಿ ಗೆಲ್ಲುವುದು ದೊಡ್ಡ ಗಂಟಲು. ಹಿಂದಿನ ಸಾಲಿನಲ್ಲಿ ಕುಳಿತ ಮೆಲುದನಿಯವರೂ ತಮ್ಮ ಪಾಲಿನ ಹಣ ತೆರುವವರೇ. ನಿಮ್ಮ ಮುಂದಿನ ಸಭೆಯಲ್ಲಿ ಅವರ ಸರದಿ ಬಂದಿತೇ ಎಂದು ಗಮನಿಸಿ.