ನೆಲೆಗೂ ಅಭಯ ಬೇಕು

ಹಕ್ಕಿಯನ್ನು ಕೊಲ್ಲಬಾರದೆಂಬ ಮಾತು ನಮಗೆ ಹೊಸತಲ್ಲ. ಆದರೆ ಆ ಮಾತು ನಾಡಿನ ಶಾಸನವಾಗಿ ರೂಪುಗೊಂಡ ಬಗೆಯನ್ನು ಅವಲೋಕಿಸಿದರೆ, ಮೊದಮೊದಲು ಅದರ ಹಿಂದೆ ದಯೆಗಿಂತ ಬೇಟೆಗಾರನ ಲೆಕ್ಕಾಚಾರವೇ ಹೆಚ್ಚಾಗಿತ್ತೆಂದು ತಿಳಿದುಬರುತ್ತದೆ.

ಬ್ರಿಟಿಷ್ ಭಾರತದ 1887ರ ಕಾಯಿದೆಯು, ಮರಿಮಾಡುವ ಕಾಲದಲ್ಲಿ ಆಗತಾನೆ ಕೊಂದ ಇಲ್ಲವೆ ಹಿಡಿದ ಕಾಡುಹಕ್ಕಿಗಳ ಮಾರಾಟವನ್ನು ಪುರಸಭೆ ಹಾಗೂ ದಂಡುಪ್ರದೇಶಗಳಲ್ಲಿ ತಡೆಯಲು ಅಧಿಕಾರ ನೀಡಿತು. 1901ರಲ್ಲಿ ಮೈಸೂರು ಸಂಸ್ಥಾನವು ಬೇಟೆಯ ಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಗೆ ತನ್ನದೇ ಕಾನೂನನ್ನು ಮಾಡಿಕೊಂಡಿತು. 1912ರ ಕಾಯಿದೆಯು ಹಲವು ಹಕ್ಕಿಗಳಿಗೆ ಬೇಟೆ ನಿಷಿದ್ಧವಾದ ತಿಂಗಳುಗಳನ್ನು ಗೊತ್ತುಪಡಿಸಲು ಪ್ರಾಂತೀಯ ಸರ್ಕಾರಗಳಿಗೆ ಅವಕಾಶವಿತ್ತಿತು. ಆ ತಿಂಗಳುಗಳು ಕಳೆದೊಡನೆ ಬಂದೂಕು ಮತ್ತೆ ಹೆಗಲೇರಬಹುದಾಗಿತ್ತು. ನಾಳಿನ ಬೇಟೆಗಾಗಿ ಇಂದು ಉಳಿಸುವುದನ್ನು ಸಂಯಮವೆನ್ನಬಹುದು, ಅಭಯವೆನ್ನಲಾಗದು.

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ಈ ವಿಚಾರ ಮುಂದೊಂದು ಹೆಜ್ಜೆಯಿಟ್ಟಿತು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದಾಗಿ ಅಲ್ಲಿ ನಡುಗಡ್ಡೆಗಳು ಮೂಡಿದವು. ಜನರ ನೀರಿಗಾಗಿ ಕಟ್ಟಿದ ಒಡ್ಡು ಕೊಕ್ಕರೆಗಳಿಗೆ ಗೂಡಿನ ನೆಲೆಯನ್ನೂ ಒದಗಿಸಿತು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. ಕಾಲವನ್ನಷ್ಟೇ ಎಣಿಸುತ್ತಿದ್ದ ಕಾನೂನು ಇಲ್ಲಿ ನೆಲೆಯನ್ನೂ ಕಂಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಪ್ರಾಣಿಪಕ್ಷಿಗಳ ಪಟ್ಟಿಗಳನ್ನೂ ಅಭಯಾರಣ್ಯಗಳ ನಿಯಮಗಳನ್ನೂ ಒಂದೇ ಶಾಸನದಡಿ ತಂದಿತು. 2022ರಲ್ಲಿ ರಂಗನತಿಟ್ಟು ಕರ್ನಾಟಕದ ಮೊದಲ ರಾಮ್ಸರ್ ತಾಣವೆನಿಸಿತು.

ಆದರೆ ಹಕ್ಕಿಗಳು ಸರ್ಕಾರದ ಗಡಿಕಲ್ಲುಗಳನ್ನು ನೋಡಿ ಇಳಿಯುವುದಿಲ್ಲ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುತ್ತವೆ. ಮೇವಿಗೆ ಸುತ್ತಲಿನ ರೈತರ ಹೊಲಗಳಿಗೇ ಹೋಗುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯಂಗಳದ ಹುಣಸೆ, ಅತ್ತಿ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಹಿಕ್ಕೆ ಸುರಿಯುತ್ತದೆ, ಮೀನಿನ ವಾಸನೆ ಹರಡುತ್ತದೆ, ಹುಣಸೆಯ ಫಸಲು ಕುಗ್ಗುತ್ತದೆ. ಆದರೂ ಊರಿನವರು ಹಕ್ಕಿಗಳ ಬರವನ್ನು ಶುಭವೆಂದೇ ಬಗೆದು ತಲೆಮಾರುಗಳಿಂದ ಕಾಪಾಡಿದ್ದಾರೆ. ಅರಣ್ಯ ಇಲಾಖೆಯು ಮರದ ಒಡೆಯರಿಗೆ ಪರಿಹಾರಧನ ನೀಡುವ ಕ್ರಮವನ್ನು ಆಮೇಲೆ ತಂದಿತು. ಜನರ ಒಪ್ಪಿಗೆಯಿಂದ ಅವರದೇ ನೆಲವನ್ನು ರಕ್ಷಿಸುವ ‘ಸಮುದಾಯ ಮೀಸಲು’ ಎಂಬ ವ್ಯವಸ್ಥೆಯು 2002ರ ತಿದ್ದುಪಡಿಯಿಂದ ಕಾಯಿದೆಗೆ ಸೇರಿತು. 2007ರಲ್ಲಿ ಕೊಕ್ಕರೆ ಬೆಳ್ಳೂರು ಅಂತಹ ಮೀಸಲಾಯಿತು. ಊರು ಎಂದಿನಿಂದಲೋ ಪಾಲಿಸುತ್ತಿದ್ದ ನಡತೆಯನ್ನು ಶಾಸನವು ಬಹುಕಾಲದ ನಂತರ ಗುರುತಿಸಿತು.

ಈ ಚರಿತ್ರೆಯಲ್ಲಿ ನಮಗೂ ಒಂದು ಪಾಠವಿದೆ. ಕೊಲ್ಲದಿರುವುದು ವ್ರತದ ಅರ್ಧವಾದರೆ, ನೆಲೆಯನ್ನು ಕೆಡಿಸದಿರುವುದು ಅದರ ಉಳಿದರ್ಧ. ಬಸದಿಯ ತೋಪಿನಲ್ಲಿ ಮರದ ಕೊಂಬೆ ಕಡಿಸುವ ಮುನ್ನ ಗೂಡಿದೆಯೇ ಎಂದು ತಲೆಯೆತ್ತಿ ನೋಡುವುದು, ಹಳೆಯ ಕೊಳವನ್ನು ಮುಚ್ಚಿಸುವ ಮುನ್ನ ಅಲ್ಲಿಗೆ ಬರುವ ಹಕ್ಕಿಗಳನ್ನು ನೆನೆಯುವುದು, ಇವಕ್ಕೆ ಯಾವ ಕಾಯಿದೆಯ ಅಪ್ಪಣೆಯೂ ಬೇಕಾಗಿಲ್ಲ. ಧರ್ಮದರ್ಶಿಗಳೂ ಗೃಹಸ್ಥರೂ ಮನಸ್ಸು ಮಾಡಿದರೆ ಸಾಕು.