ಕಂಬಳಿ ಹಾಯಿ ಕಟ್ಟಿದ ಸಬ್‌ಮರೀನ್

1/5
ನಡು ಸಮುದ್ರದಲ್ಲಿ ಎಂಜಿನ್ ಕೈಕೊಟ್ರೆ ಏನ್ ಮಾಡ್ತೀರಾ? ಹಾಯಿದೋಣಿ ಆದ್ರೆ ಹಾಯಿ ಏರಿಸ್ತೀವಿ ಅಂತೀರಾ. ಸರಿ, ಸಬ್‌ಮರೀನ್ ಆದ್ರೆ?
ಇದು ಕಥೆಯಲ್ಲ, ನಡೆದದ್ದು. 1921ರ ಮೇ ತಿಂಗಳು. ಅಮೆರಿಕ ನೌಕಾಪಡೆಯ ‘ಆರ್-14’ ಸಬ್‌ಮರೀನ್ ಹವಾಯಿಯ ಆಗ್ನೇಯಕ್ಕೆ ಸುಮಾರು 100 ನಾಟಿಕಲ್ ಮೈಲಿ, ಅಂದ್ರೆ 185 ಕಿ.ಮೀ. ದೂರದಲ್ಲಿತ್ತು. ಕಾಣೆಯಾಗಿದ್ದ ‘ಕಾನೆಸ್ಟೋಗಾ’ ಎಂಬ ಟಗ್ ಹಡಗನ್ನು ಹುಡುಕೋಕೆ ಅದು ಬಂದಿತ್ತು.

2/5
ಅಲ್ಲಿ ಬಳಸಬಹುದಾದ ಇಂಧನ ಮುಗೀತು. ರೇಡಿಯೋ ಸಂಪರ್ಕವೂ ಹೋಯ್ತು. ಉಳಿದಿದ್ದು ಐದು ದಿನದ ಊಟ ಮಾತ್ರ. ಹುಡುಕೋಕೆ ಬಂದವರೇ ಕಾಣೆಯಾಗೋ ಪರಿಸ್ಥಿತಿ!
ಎಂಜಿನಿಯರಿಂಗ್ ಅಧಿಕಾರಿ ರಾಯ್ ಟ್ರೆಂಟ್ ಗ್ಯಾಲಮೋರ್ ಒಂದು ಐಡಿಯಾ ಕೊಟ್ಟರು: ಹಾಯಿ ಕಟ್ಟೋಣ. ಬಟ್ಟೆ ಎಲ್ಲಿಂದ? ನಾವಿಕರು ಮಲಗ್ತಿದ್ದ ಹಾಸಿಗೆಯಿಂದಲೇ.

3/5
ಎಂಟು ತೂಗುಹಾಸಿಗೆ ಜೋಡಿಸಿದರು. ಮಂಚದ ಪೈಪುಗಳನ್ನು ಬಿಗಿದು ಅಡ್ಡಗೋಲು ಮಾಡಿ, ಟಾರ್ಪಿಡೋ ಎತ್ತೋ ಕ್ರೇನಿನ ಕಂಬಕ್ಕೆ ಏರಿಸಿದರು. ಸಿಕ್ಕಿದ್ದು ಬರೀ 1 ನಾಟ್ ವೇಗ, ಗಂಟೆಗೆ 2 ಕಿ.ಮೀ. ಕೂಡ ಇಲ್ಲ.
ಇಷ್ಟೇನಾ ಅನ್ನಬೇಡಿ. ನಿಂತ ಹಡಗಿನ ಚುಕ್ಕಾಣಿ ಎಷ್ಟು ತಿರುಗಿಸಿದ್ರೂ ಪ್ರಯೋಜನವಿಲ್ಲ, ಅದರ ಮೇಲೆ ನೀರು ಹರಿದ್ರೆ ಮಾತ್ರ ಹಡಗು ಮಾತು ಕೇಳುತ್ತೆ. ಆ 1 ನಾಟ್‌ನಿಂದ ದಿಕ್ಕು ಕೈಗೆ ಬಂತು. ಎಂಜಿನ್ ಕೆಟ್ಟ ಯಾವ ಹಾಯಿದೋಣಿಗೂ ಇದೇ ಮೊದಲ ಪಾಠ.

4/5
ಆಮೇಲೆ ಆರು ಕಂಬಳಿಯನ್ನು ರೇಡಿಯೋ ಕಂಬಕ್ಕೆ ಕಟ್ಟಿದರು, ಇನ್ನರ್ಧ ನಾಟ್. ಮತ್ತೆ ಎಂಟು ಕಂಬಳಿ, ಮತ್ತರ್ಧ ನಾಟ್. ಹಡಗು ಮುಂದೆ ಹೋದ ಹಾಗೆ ಪ್ರೊಪೆಲ್ಲರ್ ತಾನಾಗೇ ತಿರುಗಿ, ಮೇ 12ರಂದು ಬ್ಯಾಟರಿ ಚಾರ್ಜ್ ಆಗೋಕೆ ಶುರುವಾಯ್ತು. ಹಡಗನ್ನು ತಳ್ಳಬೇಕಾದ ಪ್ರೊಪೆಲ್ಲರ್ ಈಗ ಕರೆಂಟ್ ಕೊಡ್ತಿತ್ತು!
ಹಾಯಿ ಕಟ್ಟಿ 64 ಗಂಟೆ ಸಾಗಿದ ಮೇಲೆ, ಮೇ 15ರ ಬೆಳಿಗ್ಗೆ ಆರ್-14 ಅದೇ ಬ್ಯಾಟರಿ ಬಲದಲ್ಲಿ ಹಿಲೋ ಬಂದರಿನ ಒಳಗೆ ಬಂತು. ಕಮಾಂಡರ್ ಅಲೆಕ್ಸಾಂಡರ್ ಡೀನ್ ಡಗ್ಲಸ್ ಅವರಿಗೆ ಮೆಚ್ಚುಗೆ ಪತ್ರ ಕೊಟ್ಟದ್ದು ಚೆಸ್ಟರ್ ನಿಮಿಟ್ಜ್. ಹೌದು, ಮುಂದೆ ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಫ್ಲೀಟ್ ನಡೆಸಿದವರು.

5/5
ಹಾಗಾದ್ರೆ ಕಾನೆಸ್ಟೋಗಾ? ಅದರಲ್ಲಿ 56 ಜನ ಇದ್ದರು. 1921ರ ಮಾರ್ಚ್ 25ರಂದು ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಆ ಹಡಗು ಹವಾಯಿ ಹತ್ತಿರಕ್ಕೂ ಬಂದಿರಲಿಲ್ಲ. ಹೊರಟ ತೀರದ ಹತ್ತಿರ, ಫ್ಯಾರಲಾನ್ ದ್ವೀಪಗಳ ಬಳಿಯೇ ಮುಳುಗಿತ್ತು. ಅವಶೇಷ ಕಣ್ಣಿಗೆ ಬಿದ್ದಿದ್ದು 2009ರಲ್ಲಿ, ಅದು ಕಾನೆಸ್ಟೋಗಾ ಅಂತ ಜಗತ್ತಿಗೆ ತಿಳಿಸಿದ್ದು 2016ರಲ್ಲಿ.
ಅಂದ್ರೆ ಆರ್-14 ಜೀವ ಪಣಕ್ಕಿಟ್ಟು ಹುಡುಕಿದ್ದು 3,500 ಕಿ.ಮೀ.ಗೂ ಹೆಚ್ಚು ದೂರದ ತಪ್ಪು ಜಾಗದಲ್ಲಿ. ಕಂಬಳಿ ಹಾಯಿಯ ಫೋಟೋ ನೋಡಿ ನಗು ಬರುತ್ತೆ, ನಗಿ. ಆದ್ರೆ 95 ವರ್ಷ ಉತ್ತರ ಸಿಗದೇ ಕಾದ ಆ 56 ಮನೆಗಳನ್ನೂ ಒಮ್ಮೆ ನೆನೆಸ್ಕೊಳ್ಳಿ.